ಸೊನ್ನೆಗಳೇ ತುಂಬಿದ ಪಟ್ಟಿ ಏನು ಹೇಳುತ್ತದೆ? ರೀಟ್‌ಗಳಿಗೆ ಸಾಲ ಕೊಡುವವರ ಸಮೀಕ್ಷೆಯನ್ನು ಓದುವ ಬಗೆ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನನ್ನ ನಿವೃತ್ತಿ ಖಾತೆಯಲ್ಲಿ ಒಂದೆರಡು ಮಾರ್ಟ್‌ಗೇಜ್ ರೀಟ್‌ಗಳ ಷೇರುಗಳಿವೆ. (ರೀಟ್ ಅಂದರೆ ಸ್ಥಿರಾಸ್ತಿಯಲ್ಲಿ ಅಥವಾ ಅದರ ಸಾಲಗಳಲ್ಲಿ ಹಣ ಹಾಕಿ ಆದಾಯ ಹಂಚುವ ಕಂಪನಿ. ನನ್ನವು ಮನೆಸಾಲದ ಬಗೆಯವು.) ಡಿವಿಡೆಂಡ್ ಚೆನ್ನಾಗಿ ಬರುತ್ತಿದೆ. ಆದರೆ 2020ರ ಮಾರ್ಚ್‌ನಲ್ಲಿ ಇವು ಬಿದ್ದ ರೀತಿ ನೆನಪಾದರೆ ಭಯವಾಗುತ್ತದೆ. ಇವಕ್ಕೆ ಸಾಲ ಕೊಡುವವರನ್ನೇ ಕೇಳಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಮೂರು ತಿಂಗಳಿಗೊಮ್ಮೆ ಸಮೀಕ್ಷೆ ಮಾಡುತ್ತದೆ ಎಂದು ಗೊತ್ತಾಗಿ ಅಂಕಿಗಳನ್ನು ಇಳಿಸಿಕೊಂಡೆ. ರೀಟ್‌ಗಳ ಭಾಗದಲ್ಲಿ ಹೆಚ್ಚಿನ ಸಾಲುಗಳಲ್ಲಿ ಬರೀ ಸೊನ್ನೆ. ಇದನ್ನು ಓದುವುದು ಹೇಗೆ? ಅಪಾಯ ಬರುವ ಮೊದಲೇ ಇದರಿಂದ ತಿಳಿಯುತ್ತದಾ? ಬೆಂಗಳೂರಿನಲ್ಲಿರುವ ನನ್ನ ತಮ್ಮನ ಹತ್ತಿರ ಎಂಬಸಿ ರೀಟ್ ಯೂನಿಟ್‌ಗಳಿವೆ, ಅದಕ್ಕೂ ಇದು ಅನ್ವಯಿಸುತ್ತದಾ?

ಉತ್ತರ: ಸೊನ್ನೆ ನೋಡಿ ಪಟ್ಟಿಯನ್ನು ಪಕ್ಕಕ್ಕಿಡಬೇಡಿ. ಆ ಸೊನ್ನೆಗಳಿಗೆ ಕಾರಣ ಇದೆ. ಅದು ತಿಳಿದ ಮೇಲೆ ಈ ಸಮೀಕ್ಷೆಯಲ್ಲಿ ಯಾವ ಸಾಲನ್ನು ನೋಡಬೇಕು, ಯಾವುದನ್ನು ಬಿಡಬೇಕು ಎನ್ನುವುದೂ ತಿಳಿಯುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಬಡ್ಡಿಯ ಸಾಲನ್ನು ಮೊದಲು ನೋಡುತ್ತಾರೆ. ನಿಮ್ಮಂಥ ಹೂಡಿಕೆದಾರರು ಮೊದಲು ನೋಡಬೇಕಾದದ್ದು ಅದರ ಪಕ್ಕದ ಸಾಲು, ಅಂದರೆ ಬಡ್ಡಿ ಬಿಟ್ಟು ಉಳಿದ ಷರತ್ತುಗಳ ಸಾಲು.

ನೀವು ಇಳಿಸಿಕೊಂಡಿರುವುದು ಹಿರಿಯ ಸಾಲ ಅಧಿಕಾರಿಗಳ ಅಭಿಪ್ರಾಯ ಸಮೀಕ್ಷೆ. ಅಲ್ಲಿಯ ಹಣಕಾಸು ವಲಯದಲ್ಲಿ ಇದನ್ನು ಚಿಕ್ಕದಾಗಿ ‘ಸ್ಕೂಸ್’ ಎನ್ನುತ್ತಾರೆ. ಫಾರಂನ ಸಂಖ್ಯೆ ಎಫ್‌ಆರ್ 2034. ಶುರುವಾದದ್ದು 2010ರಲ್ಲಿ. ಬ್ಯಾಂಕುಗಳು ಮನೆ, ಕಾರು, ಉದ್ಯಮಗಳಿಗೆ ಕೊಡುವ ಸಾಲದ ಬಗ್ಗೆ ಫೆಡ್ ಹತ್ತಾರು ವರ್ಷಗಳಿಂದ ಇನ್ನೊಂದು ಸಮೀಕ್ಷೆ ನಡೆಸುತ್ತಾ ಬಂದಿದೆ. ಅದರ ಹೆಸರು ‘ಸ್ಲೂಸ್’. ಹೆಸರು ಹತ್ತಿರ ಇರುವುದರಿಂದ ಜನ ಎರಡನ್ನೂ ಬೆರೆಸಿಬಿಡುತ್ತಾರೆ. ಕಚೇರಿ ಕಟ್ಟಡ, ಅಪಾರ್ಟ್‌ಮೆಂಟ್ ಸಮುಚ್ಚಯ, ಜಾಗ ಕೊಳ್ಳುವುದಕ್ಕೆ ಬ್ಯಾಂಕ್ ಕೊಡುವ ಸಾಲದ ಪ್ರಶ್ನೆಗಳು ಇರುವುದು ಸ್ಲೂಸ್‌ನಲ್ಲಿ. ನಿಮ್ಮ ಹತ್ತಿರ ಇರುವ ಬಗೆಯ ರೀಟ್‌ಗಳ ಪ್ರಶ್ನೆ ಇರುವುದು ಸ್ಕೂಸ್‌ನಲ್ಲಿ.

2008ರ ಬಿಕ್ಕಟ್ಟಿನಲ್ಲಿ ಒಂದು ವಿಷಯ ಎಲ್ಲರಿಗೂ ತಡವಾಗಿ ಅರ್ಥವಾಯಿತು. ಬ್ಯಾಂಕಿನ ಮಾಮೂಲಿ ಸಾಲಕ್ಕಿಂತ ಬೇರೆಯದೇ ಒಂದು ದೊಡ್ಡ ಸಾಲದ ಲೋಕ ಇದೆ. ಅಲ್ಲಿ ಬಾಂಡುಗಳನ್ನು ಅಡವಿಟ್ಟು ಇವತ್ತು ಸಾಲ ತೆಗೆದು, ನಾಳೆಯೋ ಮುಂದಿನ ತಿಂಗಳೋ ತೀರಿಸಿ, ಮತ್ತೆ ತೆಗೆಯುತ್ತಾರೆ. ಅದನ್ನೇ ರೆಪೊ ಎನ್ನುವುದು. ಅಲ್ಲಿ ಷರತ್ತು ಬಿಗಿಯಾಗುತ್ತಿದೆಯೋ ಸಡಿಲವಾಗುತ್ತಿದೆಯೋ ಎಂದು ತಿಳಿಯಲು ಕ್ರಮಬದ್ಧವಾದ ದಾರಿಯೇ ಇರಲಿಲ್ಲ. ಸ್ಕೂಸ್ ಶುರುವಾದದ್ದು ಆ ಕೊರತೆ ತುಂಬಲು. ಯುರೋಪಿನ ಕೇಂದ್ರ ಬ್ಯಾಂಕ್ ಕೂಡ ಇದೇ ಮಾದರಿಯ ಸಮೀಕ್ಷೆಯನ್ನು 2013ರಿಂದ ಪ್ರಕಟಿಸುತ್ತಿದೆ.

ಪ್ರಶ್ನೆ ಹೋಗುವುದು ಸುಮಾರು ಇಪ್ಪತ್ತು ಡೀಲರ್ ಸಂಸ್ಥೆಗಳಿಗೆ, ಅಂದರೆ ಬಾಂಡುಗಳನ್ನು ಕೊಡುಕೊಳ್ಳುವ, ಅವುಗಳ ಮೇಲೆ ಸಾಲವನ್ನೂ ಕೊಡುವ ದೊಡ್ಡ ಹಣಕಾಸು ಸಂಸ್ಥೆಗಳಿಗೆ. ಸಂಖ್ಯೆ ಚಿಕ್ಕದು ಅನಿಸಬಹುದು. ಆದರೆ ಡಾಲರ್ ಬಾಂಡುಗಳ ಮೇಲೆ ಡೀಲರ್‌ಗಳು ಕೊಡುವ ಸಾಲದಲ್ಲಿ ಹೆಚ್ಚುಕಡಿಮೆ ಎಲ್ಲವೂ ಇವರ ಕೈಯಿಂದಲೇ ಹೋಗುತ್ತದೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ಉತ್ತರ ಸಂಗ್ರಹಿಸಿ ಮುಂದಿನ ತಿಂಗಳು ಪ್ರಕಟಿಸುತ್ತಾರೆ. ಯಾವ ಸಂಸ್ಥೆ ಏನು ಹೇಳಿತು ಎನ್ನುವುದು ಗುಟ್ಟು. ಹೊರಗೆ ಬರುವುದು ಎಷ್ಟು ಜನ ಯಾವ ಉತ್ತರ ಕೊಟ್ಟರು ಎನ್ನುವ ಲೆಕ್ಕ ಮಾತ್ರ.

ಡೀಲರ್‌ಗಳ ಗಿರಾಕಿಗಳನ್ನು ಸಮೀಕ್ಷೆ ಗುಂಪು ಮಾಡಿ ಕೇಳುತ್ತದೆ. ಹೆಡ್ಜ್ ಫಂಡ್‌ಗಳು, ವಿಮಾ ಕಂಪನಿಗಳು, ಮ್ಯೂಚುವಲ್ ಫಂಡ್ ಮತ್ತು ಪಿಂಚಣಿ ನಿಧಿಗಳು, ಹೀಗೆ. ಅದರಲ್ಲಿ ‘ಟ್ರೇಡಿಂಗ್ ರೀಟ್’ ಒಂದು ಗುಂಪು. ಇಲ್ಲಿ ಸ್ವಲ್ಪ ನಿಲ್ಲಬೇಕು. ಟ್ರೇಡಿಂಗ್ ರೀಟ್ ಅಂದರೆ ಕಟ್ಟಡ ಕೊಂಡು ಬಾಡಿಗೆ ವಸೂಲಿ ಮಾಡುವ ರೀಟ್ ಅಲ್ಲ. ಮನೆಸಾಲಗಳನ್ನು ಒಟ್ಟುಗೂಡಿಸಿ ಮಾಡಿದ ಬಾಂಡುಗಳಂಥ ಆಸ್ತಿಗಳಲ್ಲಿ ಹಣ ಹಾಕುವ ರೀಟ್. ಆನಲಿ, ಎಜಿಎನ್‌ಸಿ ಇಂಥವು. ಇವುಗಳ ಹತ್ತಿರ ಇಟ್ಟಿಗೆ, ಸಿಮೆಂಟು ಇಲ್ಲ, ಬಾಂಡುಗಳಿವೆ. ಅಮೆರಿಕದಲ್ಲಿ ರೀಟ್ ಕಾನೂನು ಬಂದದ್ದು 1960ರಲ್ಲಿ. ತೆರಿಗೆಗೆ ಒಳಪಡುವ ಆದಾಯದಲ್ಲಿ ಕನಿಷ್ಠ 90% ಹಂಚಿದರೆ ಕಂಪನಿ ಮಟ್ಟದ ತೆರಿಗೆಯ ಹೊರೆ ತಪ್ಪುತ್ತದೆ. ಅಂದರೆ ಲಾಭವನ್ನು ಒಳಗೇ ಉಳಿಸಿಕೊಂಡು ಗಟ್ಟಿಯಾಗುವ ಅವಕಾಶ ಇವಕ್ಕೆ ಕಡಿಮೆ. ಬೆಳೆಯಬೇಕಾದರೆ ಹೊಸ ಷೇರು ಮಾರಬೇಕು, ಇಲ್ಲವೇ ಸಾಲ ತರಬೇಕು. ಸರ್ಕಾರಿ ಬೆಂಬಲದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಸಂಸ್ಥೆಗಳ ಮನೆಸಾಲ ಬಾಂಡುಗಳನ್ನು ಇಟ್ಟುಕೊಳ್ಳುವ ರೀಟ್‌ಗಳು ಸ್ವಂತ ಬಂಡವಾಳದ ಏಳೆಂಟು ಪಟ್ಟು ಸಾಲ ಹೊತ್ತಿರುವುದು ಸಾಮಾನ್ಯ. ಆ ಸಾಲದ ಹೆಚ್ಚಿನ ಪಾಲು ರೆಪೊ. ನಿಮಗೆ ಬರುವ ಡಿವಿಡೆಂಡ್ ಅಷ್ಟು ದಪ್ಪ ಇರುವುದು ಈ ಸಾಲದಿಂದಲೇ.

ಈಗ ಸೊನ್ನೆಗಳ ವಿಚಾರ.

ಸಮೀಕ್ಷೆಯ ಮುಖ್ಯ ಪ್ರಶ್ನೆ ಹೀಗಿದೆ: ಕಳೆದ ಮೂರು ತಿಂಗಳಲ್ಲಿ ಟ್ರೇಡಿಂಗ್ ರೀಟ್‌ಗಳಿಗೆ ನೀವು ಕೊಡುವ ಬಡ್ಡಿ ಮುಂತಾದ ಬೆಲೆಯ ಷರತ್ತು ಹೇಗೆ ಬದಲಾಯಿತು? ಉತ್ತರ ಐದರಲ್ಲಿ ಒಂದು: ತುಂಬಾ ಬಿಗಿಯಾಯಿತು, ಸ್ವಲ್ಪ ಬಿಗಿಯಾಯಿತು, ಹಾಗೇ ಇದೆ, ಸ್ವಲ್ಪ ಸಡಿಲವಾಯಿತು, ತುಂಬಾ ಸಡಿಲವಾಯಿತು. ಆಮೇಲೆ ಇದೇ ಪ್ರಶ್ನೆಯನ್ನು ಉಳಿದ ಷರತ್ತುಗಳ ಬಗ್ಗೆ ಕೇಳುತ್ತಾರೆ. ಹೇರ್‌ಕಟ್ (ಅಡವಿನ ಬೆಲೆಗಿಂತ ಎಷ್ಟು ಕಡಿಮೆ ಸಾಲ ಕೊಡುತ್ತಾರೆ ಎನ್ನುವುದು), ಸಾಲದ ಗರಿಷ್ಠ ಅವಧಿ, ಕರಾರಿನ ನಿಬಂಧನೆಗಳು, ತಪ್ಪು ಸರಿಪಡಿಸಲು ಕೊಡುವ ಕಾಲಾವಕಾಶ ಇವೆಲ್ಲ ಅದರಲ್ಲಿ ಬರುತ್ತವೆ. ಯಾರಾದರೂ ‘ಬಿಗಿಯಾಯಿತು’ ಎಂದರೆ ಮಾತ್ರ ಮುಂದಿನ ಪ್ರಶ್ನೆ: ಯಾಕೆ? ಗಿರಾಕಿಯ ಆರ್ಥಿಕ ಬಲ ಕುಗ್ಗಿತೇ? ನಿಮ್ಮ ಸಂಸ್ಥೆಗೇ ಅಪಾಯ ಹೊರುವ ಮನಸ್ಸು ಕಡಿಮೆಯಾಯಿತೇ? ಒಳಗಿನ ಹಣದ ವೆಚ್ಚ ಏರಿತೇ? ಬ್ಯಾಲೆನ್ಸ್ ಶೀಟಿನಲ್ಲಿ ಜಾಗ ಇಲ್ಲವೇ? ಮಾರುಕಟ್ಟೆಯಲ್ಲಿ ವಹಿವಾಟು ಸರಾಗವಾಗಿ ನಡೆಯುತ್ತಿಲ್ಲವೇ? ಪೈಪೋಟಿ ಕಡಿಮೆಯಾಯಿತೇ? ಇವಕ್ಕೆ ಒಂದು, ಎರಡು, ಮೂರು ಎಂದು ಮಹತ್ವದ ಕ್ರಮ ಕೊಡಬೇಕು. ‘ಸಡಿಲವಾಯಿತು’ ಎಂದವರಿಗೂ ಇಂಥದೇ ಪಟ್ಟಿ.

ಸೇಂಟ್ ಲೂಯಿಸ್ ಫೆಡ್‌ನವರು ತಮ್ಮ ‘ಫ್ರೆಡ್’ ಅಂಕಿಅಂಶ ಸಂಗ್ರಹದಲ್ಲಿ ಇದರ ಒಂದೊಂದು ಉತ್ತರಕ್ಕೂ ಪ್ರತ್ಯೇಕ ಸಾಲು ಮಾಡಿದ್ದಾರೆ. ‘ಬಿಗಿಯಾಗಲು ಕಾರಣ ಪೈಪೋಟಿ ಕಡಿಮೆಯಾದದ್ದು, ಮಹತ್ವದಲ್ಲಿ ಎರಡನೆಯದು’ ಎನ್ನುವುದಕ್ಕೇ ಒಂದು ಸಾಲು. ಅದರಲ್ಲಿರುವುದು ಶೇಕಡಾವಾರು ಅಲ್ಲ, ಹಾಗೆ ಉತ್ತರಿಸಿದವರ ತಲೆ ಎಣಿಕೆ. ಇಪ್ಪತ್ತು ಜನರಲ್ಲಿ ಒಬ್ಬರೋ ಇಬ್ಬರೋ ಬಿಗಿ ಎಂದಾಗ, ಅವರ ಕಾರಣ ಹತ್ತಿಪ್ಪತ್ತು ಸಾಲುಗಳಲ್ಲಿ ಹಂಚಿಹೋದರೆ ಉಳಿದ ಸಾಲುಗಳೆಲ್ಲ ಸೊನ್ನೆಯೇ ಆಗಬೇಕಲ್ವಾ? ಯಾರೂ ಬಿಗಿ ಎನ್ನದ ತ್ರೈಮಾಸಿಕದಲ್ಲಿ ಕಾರಣದ ಸಾಲುಗಳನ್ನು ತುಂಬಲು ಯಾರೂ ಇರುವುದಿಲ್ಲ. ಹಾಗಾಗಿ ಕಾರಣದ ಸಾಲುಗಳನ್ನು ಒಂದೊಂದಾಗಿ ಗ್ರಾಫ್ ಮಾಡಿ ಕೂರಬೇಡಿ. ಮೊದಲು ಮುಖ್ಯ ಪ್ರಶ್ನೆಯ ಐದು ಸಾಲು ತೆಗೆದುಕೊಳ್ಳಿ. ಅಲ್ಲಿ ಅಲುಗಾಟ ಕಂಡರೆ ಮಾತ್ರ ಆ ತ್ರೈಮಾಸಿಕದ ಕಾರಣಗಳಿಗೆ ಹೋಗಿ.

ಐದು ಸಾಲನ್ನು ಒಂದೇ ಸಂಖ್ಯೆಗೆ ಇಳಿಸುವ ರೂಢಿ ಇದೆ. ಬಿಗಿ ಎಂದವರ ಪಾಲಿನಿಂದ ಸಡಿಲ ಎಂದವರ ಪಾಲನ್ನು ಕಳೆಯುವುದು. ಉದಾಹರಣೆಗೆ ಇಪ್ಪತ್ತು ಜನ ಉತ್ತರಿಸಿದರು ಅಂದುಕೊಳ್ಳಿ. 15 ಜನ ‘ಹಾಗೇ ಇದೆ’, ನಾಲ್ವರು ‘ಸ್ವಲ್ಪ ಬಿಗಿ’, ಒಬ್ಬರು ‘ಸ್ವಲ್ಪ ಸಡಿಲ’. ನಿವ್ವಳ 15% ಬಿಗಿ. ಕೇಳಲು ದೊಡ್ಡದಾಗಿದೆ, ಆದರೆ ಅದು ಮೂರು ಜನರ ವ್ಯತ್ಯಾಸ. ಇಷ್ಟು ಚಿಕ್ಕ ಗುಂಪಿನಲ್ಲಿ ಒಬ್ಬರು ಮನಸ್ಸು ಬದಲಿಸಿದರೂ ಗ್ರಾಫ್ ಐದು ಅಂಕ ಜಿಗಿಯುತ್ತದೆ. ಎಲ್ಲಾ ಡೀಲರ್‌ಗಳೂ ಎಲ್ಲಾ ಬಗೆಯ ಗಿರಾಕಿಗಳ ಜೊತೆ ವ್ಯವಹಾರ ಮಾಡುವುದಿಲ್ಲ, ಆದ್ದರಿಂದ ಉತ್ತರಿಸುವವರ ಸಂಖ್ಯೆಯೂ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ. ಐದೂ ಸಾಲು ಕೂಡಿಸಿ ಬಂದ ಮೊತ್ತದಿಂದಲೇ ಭಾಗಿಸಿ. ಸುಮ್ನೆ ಇಪ್ಪತ್ತರಿಂದ ಭಾಗಿಸಿದರೆ ತಪ್ಪಾಗುತ್ತದೆ. ಒಂದೇ ತ್ರೈಮಾಸಿಕದ ಸಣ್ಣ ಏರಿಳಿತಕ್ಕೆ ಅರ್ಥ ಹುಡುಕಲು ಹೋಗಬೇಡಿ. ಏಳೆಂಟು ಜನ ಒಂದೇ ಕಡೆ ಹೊರಳಿದ್ದರೆ ಅಲ್ಲಿ ಏನೋ ನಡೆದಿದೆ ಎಂದು ಅರ್ಥ.

ಇನ್ನೊಂದು ವಿಷಯದಲ್ಲಿ ಅನುಭವಿಗಳೂ ಎಡವುತ್ತಾರೆ. ಸಮೀಕ್ಷೆ ಕೇಳುವುದು ಷರತ್ತು ಎಷ್ಟು ಬಿಗಿ ಇದೆ ಎಂದಲ್ಲ, ಮೂರು ತಿಂಗಳಲ್ಲಿ ಎಷ್ಟು ಬದಲಾಯಿತು ಎಂದು. ಒಂದು ತ್ರೈಮಾಸಿಕದಲ್ಲಿ ಎಲ್ಲರೂ ಬಿಗಿ ಮಾಡಿದರು, ಮುಂದಿನದರಲ್ಲಿ ಎಲ್ಲರೂ ‘ಹಾಗೇ ಇದೆ’ ಎಂದರು ಅಂದುಕೊಳ್ಳಿ. ಗ್ರಾಫ್ ಮೇಲೆ ಹೋಗಿ ಸೊನ್ನೆಗೆ ಇಳಿಯುತ್ತದೆ. ನೋಡಿದವರು ‘ಸದ್ಯ, ಎಲ್ಲಾ ಸರಿಹೋಯಿತು’ ಅಂದುಕೊಳ್ಳುತ್ತಾರೆ. ನಿಜವಾಗಿ ಷರತ್ತು ಇನ್ನೂ ಬಿಗಿಯಾಗಿಯೇ ಇದೆ, ಮತ್ತಷ್ಟು ಬಿಗಿಯಾಗಿಲ್ಲ ಅಷ್ಟೇ. ‘ಸಡಿಲವಾಯಿತು’ ಎನ್ನುವ ಉತ್ತರಗಳು ಬರಲು ಶುರುವಾಗುವ ತನಕ ಹಳೆಯ ಬಿಗಿ ಬಿಟ್ಟುಹೋಗಿದೆ ಎಂದು ಲೆಕ್ಕ ಹಾಕಬಾರದು.

2022–23ರಲ್ಲಿ ಇದೇ ಗೊಂದಲದ ಇನ್ನೊಂದು ರೂಪ ಕಂಡಿತು. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರ ಇದ್ದ ಫೆಡ್ ದರ 2023ರ ಜುಲೈ ಹೊತ್ತಿಗೆ 5.25–5.50%ಕ್ಕೆ ಏರಿತ್ತು. ರೆಪೊ ಸಾಲದ ಬಡ್ಡಿಯೂ ಅದರ ಜೊತೆಗೇ ಏರಿತು. ಇದೆಲ್ಲ ಸಮೀಕ್ಷೆಯಲ್ಲಿ ‘ಬಿಗಿ’ ಎಂದು ಕಾಣಬೇಕಲ್ಲ ಎಂದು ಕೇಳಬಹುದು. ಕಾಣಲೇಬೇಕು ಎಂದೇನಿಲ್ಲ. ಬಾಂಡ್‌ವಾರು ಪ್ರಶ್ನೆಗಳಲ್ಲಿ ಕೇಳುವುದು ಮಾನದಂಡ ದರದ ಮೇಲೆ ಡೀಲರ್ ಸೇರಿಸುವ ಅಂತರದ ಬಗ್ಗೆ. ಮಾನದಂಡವೇ ಏರಿದರೆ ಅದು ಫೆಡ್‌ನ ನಿರ್ಧಾರ, ಡೀಲರ್‌ನ ಬಿಗಿತನ ಅಲ್ಲ. ನಿಮ್ಮ ರೀಟ್‌ನ ಬಡ್ಡಿ ವೆಚ್ಚ ಹಲವು ಪಟ್ಟು ಏರಿದರೂ ಸಮೀಕ್ಷೆ ‘ಹಾಗೇ ಇದೆ’ ಎನ್ನಬಹುದು, ಎರಡೂ ಸರಿ ಇರುತ್ತದೆ.

ಈಗ ಹೇರ್‌ಕಟ್. ಚಿನ್ನ ಅಡವಿಟ್ಟು ಸಾಲ ತೆಗೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನೂರು ರೂಪಾಯಿಯ ಒಡವೆಗೆ ನೂರು ರೂಪಾಯಿ ಕೊಡುವುದಿಲ್ಲ, 75 ಕೊಡುತ್ತಾರೆ ಅನ್ನಿ. ಆ 25 ಹೇರ್‌ಕಟ್. ಚಿನ್ನದ ಬೆಲೆ ಇಳಿದರೂ ಸಾಲ ಕೊಟ್ಟವರು ಸುರಕ್ಷಿತವಾಗಿರಲಿ ಎಂದು ಇಟ್ಟುಕೊಂಡ ಅಂತರ ಅದು. ಫ್ಯಾನಿ ಮೇ ಬಾಂಡುಗಳು ಸುಲಭವಾಗಿ ಮಾರಾಟವಾಗುತ್ತವೆ, ಆದ್ದರಿಂದ ಅವಕ್ಕೆ ಹೇರ್‌ಕಟ್ ತುಂಬಾ ಕಡಿಮೆ, ನೂರಕ್ಕೆ ಐದರ ಆಸುಪಾಸು. ಸರ್ಕಾರಿ ಬೆಂಬಲ ಇಲ್ಲದ ಬಾಂಡುಗಳಿಗೆ ಜಾಸ್ತಿ.

ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಂಡು ಲೆಕ್ಕ ಮಾಡೋಣ. ಸ್ವಂತ ಹಣ 10 ಕೋಟಿ ಡಾಲರ್. ರೆಪೊ ಸಾಲ 70 ಕೋಟಿ. ಒಟ್ಟು 80 ಕೋಟಿಯ ಬಾಂಡುಗಳು. ಹೇರ್‌ಕಟ್ 4% ಇದ್ದರೆ 70 ಕೋಟಿ ಸಾಲಕ್ಕೆ ಸುಮಾರು 72.9 ಕೋಟಿಯ ಬಾಂಡ್ ಅಡವಿಡಬೇಕು. ಉಳಿದ 7.1 ಕೋಟಿಯ ಬಾಂಡ್ ಕೈಯಲ್ಲಿ ಬಿಡಿಯಾಗಿರುತ್ತದೆ.

ಮೊದಲು ಬಡ್ಡಿ 0.1% ಏರಿತು ಅಂದುಕೊಳ್ಳಿ. 70 ಕೋಟಿಗೆ ವರ್ಷಕ್ಕೆ ಏಳು ಲಕ್ಷ ಡಾಲರ್ ಹೆಚ್ಚುವರಿ ವೆಚ್ಚ. ಡಿವಿಡೆಂಡ್ ಸ್ವಲ್ಪ ಸಣ್ಣದಾಗುತ್ತದೆ. ಬೇಸರದ ಸಂಗತಿ ಹೌದು, ಕಂಪನಿ ಮುಳುಗುವ ಸಂಗತಿಯಲ್ಲ.

ಈಗ ಬಡ್ಡಿ ಹಾಗೇ ಇರಲಿ. ಬಾಂಡುಗಳ ಬೆಲೆ 5% ಬಿತ್ತು ಅನ್ನಿ. 80 ಕೋಟಿ 76 ಆಯಿತು. ಹೇರ್‌ಕಟ್ 4% ಇದ್ದರೆ ಬೇಕಾದದ್ದು 72.9 ಕೋಟಿಯ ಅಡವು. ಇನ್ನೂ ಮೂರು ಕೋಟಿ ಕೈಯಲ್ಲಿದೆ. ನಷ್ಟ ದೊಡ್ಡದು, ಆದರೆ ಕಂಪನಿ ನಿಂತಿದೆ, ಬೆಲೆ ಚೇತರಿಸಿಕೊಳ್ಳುವ ತನಕ ಕಾಯಬಹುದು. ಅದೇ ಹೊತ್ತಿಗೆ ಡೀಲರ್ ಹೇರ್‌ಕಟ್ಟನ್ನು 8%ಕ್ಕೆ ಏರಿಸಿದರೆ? 70 ಕೋಟಿ ಸಾಲಕ್ಕೆ ಸುಮಾರು 76.1 ಕೋಟಿಯ ಅಡವು ಬೇಕು. ಇರುವುದು 76. ಸಾಲದು. ಸ್ವಂತ ಬಂಡವಾಳ ಪುಸ್ತಕದಲ್ಲಿ ಇನ್ನೂ ಆರು ಕೋಟಿ ಇದೆ, ಕಂಪನಿ ದಿವಾಳಿಯಾಗಿಲ್ಲ. ಆದರೆ ಮಾರ್ಜಿನ್ ಕಾಲ್, ಅಂದರೆ ಇನ್ನಷ್ಟು ಅಡವು ಕೊಡಿ ಎಂಬ ಡೀಲರ್ ಬೇಡಿಕೆ, ಪೂರೈಸಲು ಆಗುವುದಿಲ್ಲ. ಬಿದ್ದ ಬೆಲೆಗೇ ಮಾರಬೇಕು. ಎಲ್ಲಾ ರೀಟ್‌ಗಳೂ ಅದೇ ದಿನ ಅದೇ ಬಾಂಡ್ ಮಾರಲು ಹೊರಟರೆ ಬೆಲೆ ಮತ್ತೂ ಬೀಳುತ್ತದೆ, ಮತ್ತೆ ಮಾರ್ಜಿನ್ ಕಾಲ್ ಬರುತ್ತದೆ.

ಬೆಲೆ ಬಿದ್ದದ್ದು ಎರಡೂ ಸಲ 5% ಮಾತ್ರ. ಕಂಪನಿ ನಿಲ್ಲುತ್ತದೋ ಬೀಳುತ್ತದೋ ಎಂದು ತೀರ್ಮಾನಿಸಿದ್ದು ಹೇರ್‌ಕಟ್. ಅವಧಿಯೂ ಹೀಗೆಯೇ. ಮೂರು ತಿಂಗಳ ರೆಪೊ ಇದ್ದವನಿಗೆ ಡೀಲರ್ ಮಧ್ಯದಲ್ಲಿ ಸುಲಭವಾಗಿ ಷರತ್ತು ಬದಲಿಸಲು ಆಗುವುದಿಲ್ಲ. ದಿನದಿನವೂ ನವೀಕರಿಸುವವನಿಗೆ ನಾಳೆ ಬೆಳಿಗ್ಗೆಯೇ ಹೊಸ ಷರತ್ತು. ಅದಕ್ಕೇ ನಾನು ಬಡ್ಡಿಯೇತರ ಷರತ್ತುಗಳ ಸಾಲನ್ನು ಮೊದಲು ನೋಡಿ ಎಂದು ಒತ್ತಿ ಹೇಳುವುದು. ಬಡ್ಡಿ ಬಿಗಿಯಾದರೆ ಡಿವಿಡೆಂಡ್ ಕರಗುತ್ತದೆ. ಹೇರ್‌ಕಟ್, ಅವಧಿ ಬಿಗಿಯಾದರೆ ಕಂಪನಿಯೇ ಹೋಗಬಹುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. ನ್ಯೂ ಮೆಕ್ಸಿಕೊದ ಸಾಂಟಾ ಫೆಯಲ್ಲಿದ್ದ ಥಾರ್ನ್‌ಬರ್ಗ್ ಮಾರ್ಟ್‌ಗೇಜ್ ಎಂಬ ಕಂಪನಿಯ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಸಾಲ ಕೊಟ್ಟಿದ್ದು ಒಳ್ಳೆಯ ಆದಾಯ, ಒಳ್ಳೆಯ ದಾಖಲೆ ಇದ್ದವರಿಗೆ. ಅವರಲ್ಲಿ ಹೆಚ್ಚಿನವರು ಕಂತು ಸರಿಯಾಗಿ ಕಟ್ಟುತ್ತಲೇ ಇದ್ದರು. ಆದರೂ 2007ರ ಆಗಸ್ಟ್‌ನಲ್ಲಿ ಮಾರುಕಟ್ಟೆ ಹೆದರಿದಾಗ ಅಡವಿಟ್ಟ ಬಾಂಡುಗಳ ಬೆಲೆ ಬಿತ್ತು. 2008ರ ಆರಂಭದಲ್ಲಿ ಮಾರ್ಜಿನ್ ಕಾಲ್‌ಗಳ ಮೇಲೆ ಮಾರ್ಜಿನ್ ಕಾಲ್‌ಗಳು ಬಂದವು. 2009ರ ಮೇನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಸಾಲಗಾರರು ಕೈಕೊಟ್ಟದ್ದಕ್ಕಲ್ಲ, ಸಾಲ ಕೊಟ್ಟವರು ಷರತ್ತು ಬಿಗಿ ಮಾಡಿದ್ದಕ್ಕೆ ಅದು ಮುಳುಗಿತು. ಆಗ ಸ್ಕೂಸ್ ಇರಲಿಲ್ಲ.

ಇದು ನಿಮ್ಮ ಎರಡನೆಯ ಪ್ರಶ್ನೆಗೆ ತರುತ್ತದೆ. ಸಮೀಕ್ಷೆ ಇದ್ದಿದ್ದರೆ ಮೊದಲೇ ತಿಳಿಯುತ್ತಿತ್ತಾ? 2020ರ ಉದಾಹರಣೆಯೇ ಉತ್ತರ ಹೇಳುತ್ತದೆ, ಮತ್ತು ಅದು ನಿರಾಸೆಯ ಉತ್ತರ.

ಆ ವರ್ಷದ ಮಾರ್ಚ್ ಸಮೀಕ್ಷೆಗೆ ಡೀಲರ್‌ಗಳು ಉತ್ತರ ಕೊಟ್ಟದ್ದು ಫೆಬ್ರವರಿಯಲ್ಲಿ. ಆಗ ಸಾಲದ ಮಾರುಕಟ್ಟೆ ಶಾಂತವಾಗಿತ್ತು. ನಾಲ್ಕೈದು ವಾರಗಳಲ್ಲಿ ಎಲ್ಲಾ ತಲೆಕೆಳಗಾಯಿತು. ಮಾರ್ಚ್ 23ರಂದು ಎಜಿ ಮಾರ್ಟ್‌ಗೇಜ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್, ಮರುದಿನ ಇನ್ವೆಸ್ಕೊ ಮಾರ್ಟ್‌ಗೇಜ್ ಕ್ಯಾಪಿಟಲ್ ಮತ್ತು ಎಮ್‌ಎಫ್‌ಎ ಫೈನಾನ್ಷಿಯಲ್ ತಾವು ಮಾರ್ಜಿನ್ ಕಾಲ್ ಪೂರೈಸುವ ಸ್ಥಿತಿಯಲ್ಲಿಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡವು. ಅದೇ ಮಾರ್ಚ್ 23ರಂದು ಫೆಡ್, ಖಜಾನೆ ಬಾಂಡು ಮತ್ತು ಸರ್ಕಾರಿ ಬೆಂಬಲದ ಮನೆಸಾಲ ಬಾಂಡುಗಳನ್ನು ಬೇಕಾದಷ್ಟು ಕೊಳ್ಳುತ್ತೇನೆ ಎಂದು ಘೋಷಿಸಿತು. ಫೆಡ್ ಕೊಳ್ಳುವ ಬಗೆಯ ಬಾಂಡುಗಳನ್ನೇ ಹಿಡಿದುಕೊಂಡಿದ್ದ ರೀಟ್‌ಗಳಿಗೆ ಉಸಿರು ಬಂತು. ಬೇರೆ ಬಗೆಯ ಬಾಂಡುಗಳಿದ್ದವರು ತಿಂಗಳುಗಟ್ಟಲೆ ಒದ್ದಾಡಿದರು. ಸಾಲದ ಷರತ್ತು ಬಿಗಿಯಾದ ಸುದ್ದಿ ಸಮೀಕ್ಷೆಯಲ್ಲಿ ಬಂದದ್ದು ಜೂನ್‌ನಲ್ಲಿ. ಷೇರುದಾರರಿಗೆ ಹೊಡೆತ ಬಿದ್ದು ಮೂರು ತಿಂಗಳಾದ ಮೇಲೆ.

ಹಾಗಾಗಿ ಇದನ್ನು ಅಲಾರಂ ಎಂದು ನಂಬಬೇಡಿ. ಮೂರು ತಿಂಗಳಿಗೊಮ್ಮೆ ಕೇಳುವ ಪ್ರಶ್ನೆ, ಮೂರು ದಿನದಲ್ಲಿ ಆಗುವ ಕುಸಿತವನ್ನು ಹಿಡಿಯಲು ಸಾಧ್ಯವೇ ಇಲ್ಲ. ಇದರ ಉಪಯೋಗ ಬೇರೆ ಕಡೆ ಇದೆ. ಕುಸಿತಕ್ಕೆ ಮೊದಲಿನ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ, ಸಾಲ ಎಷ್ಟು ಸುಲಭವಾಗುತ್ತಾ ಹೋಯಿತು ಎನ್ನುವುದನ್ನು ಇದು ತೋರಿಸುತ್ತದೆ. ನನ್ನನ್ನು ಕೇಳಿದರೆ ‘ಬಿಗಿ’ಯ ಸಾಲಿಗಿಂತ ‘ಸಡಿಲ’ದ ಸಾಲು ಜಾಸ್ತಿ ಬೆಲೆಯುಳ್ಳದ್ದು. ಹಲವು ತ್ರೈಮಾಸಿಕ ಬಿಡದೆ ಕೆಲವರು ‘ಸ್ವಲ್ಪ ಸಡಿಲ’ ಎನ್ನುತ್ತಿದ್ದರೆ, ಕಾರಣದ ಪಟ್ಟಿಯಲ್ಲಿ ‘ಪೈಪೋಟಿ ಹೆಚ್ಚಾದದ್ದು’ ಮೊದಲ ಸ್ಥಾನದಲ್ಲಿದ್ದರೆ, ಆಗ ಎಚ್ಚರವಾಗಬೇಕು. ಗಿರಾಕಿಯ ಬಲ ಹೆಚ್ಚಿದ್ದರಿಂದ ಷರತ್ತು ಸಡಿಲವಾದರೆ ಅದು ಒಂದು ಬಗೆ. ಪಕ್ಕದ ಡೀಲರ್ ಗಿರಾಕಿಯನ್ನು ಎಳೆದುಕೊಂಡು ಹೋಗುತ್ತಾನೆ ಎಂಬ ಕಾರಣಕ್ಕೆ ಸಡಿಲವಾದರೆ ಅದು ಬೇರೆಯೇ ಬಗೆ. ಎರಡನೆಯದು ಕಷ್ಟ ಬಂದ ದಿನ ಒಮ್ಮೆಲೇ ಹಿಂದಕ್ಕೆ ಹೋಗುತ್ತದೆ. ಸೊನ್ನೆಗಳಿಂದ ತುಂಬಿದ ಆ ಕಾರಣದ ಸಾಲುಗಳು ಉಪಯೋಗಕ್ಕೆ ಬರುವುದು ಇಲ್ಲೇ.

ಇದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ನೋಡಿ. ಒಂದು, ಟ್ರೇಡಿಂಗ್ ರೀಟ್‌ಗಳು ಬಳಸುತ್ತಿರುವ ಸಾಲದ ಪ್ರಮಾಣ ಹೆಚ್ಚಾಯಿತೇ ಎನ್ನುವುದು. ಇನ್ನೊಂದು, ಒಳ್ಳೆಯ ಷರತ್ತಿಗಾಗಿ ಅವು ಚೌಕಾಸಿ ಮಾಡುವುದು ಜಾಸ್ತಿಯಾಯಿತೇ ಎನ್ನುವುದು. ಚೌಕಾಸಿ ಜಾಸ್ತಿ, ಸಾಲ ಜಾಸ್ತಿ, ಷರತ್ತು ಸಡಿಲ, ಈ ಮೂರೂ ಒಟ್ಟಿಗೆ ಬಂದರೆ ಅಪಾಯ ಒಳಗೊಳಗೇ ಕೂಡುತ್ತಿದೆ ಎಂದರ್ಥ. ಆಚೆಗೆ ಆಗ ಎಲ್ಲಾ ಚೆನ್ನಾಗಿಯೇ ಕಾಣುತ್ತಿರುತ್ತದೆ. ಡಿವಿಡೆಂಡ್ ಕೂಡ ಏರುತ್ತಿರಬಹುದು.

ಬಾಂಡ್‌ವಾರು ಭಾಗವನ್ನು ಬಿಡಬೇಡಿ. ಅಲ್ಲಿ ಗಿರಾಕಿ ಯಾರು ಎಂದು ಕೇಳದೆ, ಅಡವಿಗೆ ಬಂದ ಬಾಂಡ್ ಯಾವುದು ಎಂದು ಕೇಳುತ್ತಾರೆ. ಸರ್ಕಾರಿ ಬೆಂಬಲದ ಮನೆಸಾಲ ಬಾಂಡ್‌ಗೆ ಒಂದು ಭಾಗ, ಬೆಂಬಲ ಇಲ್ಲದ್ದಕ್ಕೆ ಒಂದು, ವಾಣಿಜ್ಯ ಕಟ್ಟಡಗಳ ಸಾಲದ ಬಾಂಡ್‌ಗೆ ಒಂದು. ಸಾಮಾನ್ಯ ಗಿರಾಕಿಗೆ ಎಷ್ಟು ಹೇರ್‌ಕಟ್, ಎಷ್ಟು ಅವಧಿ ಎನ್ನುವುದನ್ನು ಬೇರೆಯಾಗಿ, ನೆಚ್ಚಿನ ಗಿರಾಕಿಗೆ ಬೇರೆಯಾಗಿ ಕೇಳುತ್ತಾರೆ. ಆ ಬಾಂಡಿನ ಮಾರುಕಟ್ಟೆಯಲ್ಲಿ ಕೊಡುಕೊಳ್ಳುವುದು ಸರಾಗವಾಗಿ ನಡೆಯುತ್ತಿದೆಯೇ ಎಂಬ ಪ್ರಶ್ನೆಯೂ ಇದೆ. ನಿಮ್ಮ ಒಂದು ರೀಟ್ ಫ್ಯಾನಿ ಮೇ ಬಾಂಡುಗಳನ್ನೇ ಇಟ್ಟುಕೊಂಡಿದ್ದರೆ, ಇನ್ನೊಂದು ಬೇರೆ ಬಗೆಯದ್ದನ್ನು ಇಟ್ಟುಕೊಂಡಿದ್ದರೆ, ‘ಟ್ರೇಡಿಂಗ್ ರೀಟ್’ ಎಂಬ ಒಂದೇ ಸಾಲು ಎರಡನ್ನೂ ಬೆರೆಸಿಬಿಡುತ್ತದೆ. ಬಾಂಡ್‌ವಾರು ಸಾಲು ಬೇರ್ಪಡಿಸಿ ತೋರಿಸುತ್ತದೆ. 2020ರಲ್ಲಿ ಇವೆರಡರ ನಡುವೆ ಎಷ್ಟು ಅಂತರ ಇತ್ತು ಎಂಬುದನ್ನು ಈಗಾಗಲೇ ನೋಡಿದೆವು.

ಸಮೀಕ್ಷೆಗೆ ಕಾಣದ ಮೂಲೆಯೂ ಇದೆ. ಅದು ಡೀಲರ್‌ಗಳನ್ನು ಕೇಳುತ್ತದೆ, ಆದರೆ ರೀಟ್‌ಗಳು ಡೀಲರ್‌ಗಳನ್ನೇ ನೆಚ್ಚಿಕೊಂಡು ಕೂತಿಲ್ಲ. ಕೆಲವು ರೀಟ್‌ಗಳು ವಿಮಾ ಅಂಗಸಂಸ್ಥೆ ಕಟ್ಟಿಕೊಂಡು ಫೆಡರಲ್ ಹೋಮ್ ಲೋನ್ ಬ್ಯಾಂಕ್‌ಗಳಿಂದ ಸಾಲ ಪಡೆಯುತ್ತಿದ್ದವು. 2016ರ ಜನವರಿಯಲ್ಲಿ ಮೇಲ್ವಿಚಾರಣಾ ಸಂಸ್ಥೆ ಆ ದಾರಿ ಮುಚ್ಚಿತು. ಎಜಿಎನ್‌ಸಿ ತನ್ನದೇ ಆದ ಬೆಥೆಸ್ಡಾ ಸೆಕ್ಯುರಿಟೀಸ್ ಎಂಬ ಬ್ರೋಕರ್ ಸಂಸ್ಥೆ ಕಟ್ಟಿಕೊಂಡಿದೆ. ಅದರ ಮೂಲಕ ಕೇಂದ್ರೀಯ ತೀರುವಳಿ ಸಂಸ್ಥೆಯ (ಸಾಲ ಕೊಡುವವರ, ಪಡೆಯುವವರ ನಡುವೆ ನಿಂತು ವಹಿವಾಟು ಮುಗಿಸುವ ಸಂಸ್ಥೆ) ರೆಪೊ ಮಾರುಕಟ್ಟೆಗೆ ನೇರವಾಗಿ ಹೋಗುತ್ತದೆ. ಇಂಥ ಕಂಪನಿಗೆ ಡೀಲರ್‌ಗಳ ಷರತ್ತು ಪೂರ್ತಿ ಚಿತ್ರ ಕೊಡುವುದಿಲ್ಲ.

ಅದಕ್ಕೇ ಸಮೀಕ್ಷೆಯ ಪಕ್ಕದಲ್ಲಿ ನಿಮ್ಮ ಕಂಪನಿಗಳ ತ್ರೈಮಾಸಿಕ ವರದಿ ಇರಲೇಬೇಕು. ಅಮೆರಿಕದಲ್ಲಿ ಅದನ್ನು ಟೆನ್-ಕ್ಯೂ ಎನ್ನುತ್ತಾರೆ. ಸಾಲದ ಟಿಪ್ಪಣಿಗಳ ಭಾಗ ತೆಗೆಯಿರಿ. ರೆಪೊ ಸಾಲ ಎಷ್ಟು, ಸರಾಸರಿ ಬಡ್ಡಿ ಎಷ್ಟು, ಎಷ್ಟು ದಿನದಲ್ಲಿ ತೀರಬೇಕು ಎಂಬ ಕೋಷ್ಟಕ ಇರುತ್ತದೆ. ಹಲವು ಕಂಪನಿಗಳು ಸರಾಸರಿ ಹೇರ್‌ಕಟ್, ಅಡವಿಡದೆ ಉಳಿದಿರುವ ಆಸ್ತಿ ಎಷ್ಟು ಎನ್ನುವುದನ್ನೂ ಹೇಳುತ್ತವೆ. ಸಮೀಕ್ಷೆ ಬದಲಾವಣೆಯನ್ನು ಹೇಳುತ್ತದೆ, ಮಟ್ಟವನ್ನು ಹೇಳುವುದಿಲ್ಲ ಎಂದೆನಲ್ಲ, ಮಟ್ಟ ಸಿಗುವುದು ಇಲ್ಲಿ. ಮೇಲಿನ 80 ಕೋಟಿಯ ಲೆಕ್ಕವನ್ನು ನಿಮ್ಮ ಕಂಪನಿಯ ಅಂಕಿಗಳನ್ನು ಹಾಕಿ ಮಾಡಿ ನೋಡಿ. ಬೆಲೆ 5% ಬಿದ್ದು ಹೇರ್‌ಕಟ್ ಎರಡು ಪಟ್ಟಾದರೆ ಬಿಡಿ ಆಸ್ತಿ ಸಾಕಾಗುತ್ತದಾ? ಬಡ್ಡಿಯ ಏರಿಳಿತದಿಂದ ಕಾಪಾಡಿಕೊಳ್ಳಲು ಮಾಡಿದ ಒಪ್ಪಂದಗಳ ಲಾಭ-ನಷ್ಟ ಇದರಲ್ಲಿ ಬರುವುದಿಲ್ಲ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಡಿವಿಡೆಂಡ್ ಶೇಕಡಾವಾರು ನೋಡಿ ಷೇರು ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ನಿವೃತ್ತಿಯ ಹಣ ಎಂದಿದ್ದೀರಿ. ಈ ಲೆಕ್ಕದಲ್ಲಿ ನಿಲ್ಲದ ಕಂಪನಿಯ ಷೇರು ಆ ಖಾತೆಯಲ್ಲಿ ದೊಡ್ಡ ಪಾಲು ಆಗಿರಬಾರದು ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ.

ಕೊನೆಗೆ ನಿಮ್ಮ ತಮ್ಮನ ಯೂನಿಟ್‌ಗಳು. ಅವಕ್ಕೆ ಈ ಸಮೀಕ್ಷೆ ಅನ್ವಯಿಸುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದ ಎಂಬಸಿ ಆಫೀಸ್ ಪಾರ್ಕ್ಸ್ ಭಾರತದ ಮೊದಲ ರೀಟ್. ಅದರ ಹತ್ತಿರ ಇರುವುದು ನಿಜವಾದ ಕಚೇರಿ ಕಟ್ಟಡಗಳು, ಬಾಡಿಗೆ ಆದಾಯ. ಸೆಬಿ ನಿಯಮದ ಪ್ರಕಾರ ಕನಿಷ್ಠ 80% ಹಣ ಕಟ್ಟಿ ಮುಗಿದು ಆದಾಯ ತರುತ್ತಿರುವ ಆಸ್ತಿಗಳಲ್ಲಿರಬೇಕು. ಸಾಲ ಆಸ್ತಿಯ ಮೌಲ್ಯದ 49% ಮೀರುವಂತಿಲ್ಲ. 25% ದಾಟಬೇಕಾದರೆ ಕ್ರೆಡಿಟ್ ರೇಟಿಂಗ್ ಮತ್ತು ಯೂನಿಟ್‌ದಾರರ ಒಪ್ಪಿಗೆ ಬೇಕು. ಸ್ವಂತ ಹಣದ ಏಳೆಂಟು ಪಟ್ಟು ರೆಪೊ ಸಾಲ ಇಲ್ಲಿ ಸಾಧ್ಯವೇ ಇಲ್ಲ. ರಾತ್ರೋರಾತ್ರಿ ಮಾರ್ಜಿನ್ ಕಾಲ್ ಬಂದು ಕಟ್ಟಡ ಮಾರಬೇಕಾದ ಸ್ಥಿತಿಯೂ ಇಲ್ಲ. ಇಲ್ಲಿಯ ಅಪಾಯ ನಿಧಾನದ್ದು: ಬಾಡಿಗೆದಾರರು ಖಾಲಿ ಮಾಡುವುದು, ಡಿಬೆಂಚರ್‌ಗಳ ಅವಧಿ ಮುಗಿದಾಗ ಹೊಸ ಸಾಲ ಜಾಸ್ತಿ ಬಡ್ಡಿಗೆ ಸಿಗುವುದು.

ನಮ್ಮ ರಿಸರ್ವ್ ಬ್ಯಾಂಕ್ ಕೂಡ ಮೂರು ತಿಂಗಳಿಗೊಮ್ಮೆ ಬ್ಯಾಂಕುಗಳನ್ನು ಕೇಳಿ ಸಾಲದ ಬೇಡಿಕೆ, ಷರತ್ತುಗಳ ಸಮೀಕ್ಷೆ ಪ್ರಕಟಿಸುತ್ತದೆ. 30 ದೊಡ್ಡ ಬ್ಯಾಂಕುಗಳು ಅದರಲ್ಲಿವೆ. ಅದು ಕೃಷಿ, ತಯಾರಿಕೆ, ಮೂಲಸೌಕರ್ಯ, ಸೇವೆ, ಚಿಲ್ಲರೆ ಸಾಲ ಎಂಬ ದೊಡ್ಡ ವಿಭಾಗಗಳ ಮಟ್ಟದಲ್ಲಿ ಇರುವ ಲೆಕ್ಕ, ರೀಟ್‌ಗೆ ಅಂತ ಬೇರೆ ಸಾಲು ಅದರಲ್ಲಿಲ್ಲ. ತಮ್ಮನಿಗೆ ಬೇಕಾದದ್ದು ರೀಟ್‌ನ ಸ್ವಂತ ವರದಿಯಲ್ಲೇ ಸಿಗುತ್ತದೆ. ಆಸ್ತಿ ಮೌಲ್ಯಕ್ಕೆ ಸಾಲ ನೂರಕ್ಕೆ ಎಷ್ಟು, ಸರಾಸರಿ ಬಡ್ಡಿ ಎಷ್ಟು, ಯಾವ ವರ್ಷ ಎಷ್ಟು ಸಾಲ ತೀರಿಸಬೇಕು, ಅದರಲ್ಲಿ ಸ್ಥಿರ ಬಡ್ಡಿಯದ್ದು ಎಷ್ಟು, ಎಷ್ಟು ಜಾಗ ಬಾಡಿಗೆಗೆ ಹೋಗಿದೆ. ಈ ಐದು ಅಂಕಿಗಳನ್ನು ವರ್ಷಕ್ಕೆರಡು ಸಲ ಬರೆದಿಟ್ಟುಕೊಳ್ಳಲು ಹೇಳಿ.